ಮಗುವಿನ ಜೊತೆ ಓಣಿಯೂ ಬರಲಿ

ಹುಟ್ಟುಹಬ್ಬಕ್ಕೆ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದಲ್ಲಿ ಮಗುವಿನ ಹಿಂದೆ ಜಲಪಾತದ ಪರದೆ ಇರುತ್ತದೆ, ಊರು ಇರುವುದಿಲ್ಲ. ಅದೇ ಮಗುವನ್ನು ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನಲ್ಲಿ, ರಾಬರ್ಟ್‌ಸನ್‌ಪೇಟೆಯಿಂದಾಚೆ ಚಾಂಪಿಯನ್ ರೀಫ್‌ನಲ್ಲೋ ಮಾರಿಕುಪ್ಪಂನಲ್ಲೋ ಗಣಿ ಕಾರ್ಮಿಕರ ಲೈನ್ ಮನೆಗಳ ನಡುವೆ ತೆಗೆದು ನೋಡಿ. ಗೋಡೆಗೆ ಗೋಡೆ ತಾಗಿದ ಪುಟ್ಟ ಮನೆಗಳು, ಇಕ್ಕಟ್ಟಾದ ಓಣಿ. ಫೋಟೊ ತೆಗೆಯುವವರಿಗೆ ಹಿಂದೆ ಸರಿಯಲು ಜಾಗವಿಲ್ಲ. 50 ಎಂಎಂ ಲೆನ್ಸಿಗೆ ಮಗುವಷ್ಟೇ ದಕ್ಕುತ್ತದೆ. 28 ಎಂಎಂ ವೈಡ್ ಆಂಗಲ್ ಹಾಕಿದರೆ ಮಗು, ಹೊಸಿಲಲ್ಲಿ ಕೂತ ಅಜ್ಜಿ, ನೀರಿನ ಕೊಡಗಳು, ಓಣಿಯಾಚೆಯ ಗಣಿ ಪುಡಿಯ ಸೈನೈಡ್ ಗುಡ್ಡ ಎಲ್ಲವೂ ಒಟ್ಟಿಗೆ ಬರುತ್ತವೆ.

ಇಲ್ಲಿ ಇದು ಬರೀ ಅಂದದ ಮಾತಲ್ಲ. ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿತು. ಈಗ ಓಣಿಯಲ್ಲಿ ಆಡುವ ಮಕ್ಕಳು ಗಣಿ ನಡೆಯುತ್ತಿದ್ದುದನ್ನು ಕಂಡವರಲ್ಲ. ಅವರ ಪಾಲಿಗೆ ಗಣಿಯೆಂದರೆ ತಾತ ಹೇಳಿದ ಸಂಗತಿ ಮತ್ತು ಕಣ್ಣೆದುರಿನ ಆ ಗುಡ್ಡ. ಹಿನ್ನೆಲೆಯನ್ನು ಮಸುಕು ಮಾಡಿ ಮುಖವೊಂದನ್ನೇ ಮಿಂಚಿಸುವ ಈಗಿನ ರೂಢಿ ಆ ನಂಟನ್ನೇ ಅಳಿಸಿಬಿಡುತ್ತದೆ ಎಂಬುದು ನನ್ನ ತಕರಾರು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಹಾಗಲ್ಲ, ಜನರ ದಿನನಿತ್ಯದ ಬದುಕನ್ನೇ ಬೆನ್ನುಹತ್ತಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ಯುನಿಸೆಫ್ ನೆರವಿನಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ಪ್ರದರ್ಶನಗೊಂಡವು.

ಆದರೆ ವೈಡ್ ಲೆನ್ಸ್ ಹದ ತಪ್ಪಿದರೆ ಮಗುವಿನ ಚಹರೆಯನ್ನೇ ಕೆಡಿಸುತ್ತದೆ. ಒಂದಡಿ ಹತ್ತಿರ ಹೋದರೆ ಮೂಗು ಊದಿಕೊಂಡು ಕಿವಿಗಳು ಹಿಂದೆ ಅಡಗುತ್ತವೆ. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ದಪ್ಪ, ಕಾಲು ಸಣ್ಣ. ಚೌಕಟ್ಟಿನ ಅಂಚಿಗೆ ಬಂದ ಮುಖ ಅಡ್ಡಡ್ಡ ಹಿಗ್ಗುತ್ತದೆ. ಕುಕ್ಕರುಗಾಲಲ್ಲಿ ಕೂತು ಕ್ಯಾಮೆರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ, ಐದಾರು ಅಡಿ ಅಂತರ ಬಿಡಿ, ಮಗು ನಡುಭಾಗದ ಆಸುಪಾಸಿನಲ್ಲಿರಲಿ. ಓಡಾಡುವ ಮಗುವಿನ ಹಿಂದೆ ಫೋಕಸ್ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 28 ಎಂಎಂ ಲೆನ್ಸನ್ನು ಎಫ್/8ಕ್ಕಿಟ್ಟು 2 ಮೀಟರಿಗೆ ಫೋಕಸ್ ನಿಲ್ಲಿಸಿದರೆ, ಸುಮಾರು ಒಂದೂಕಾಲು ಮೀಟರಿನಿಂದ ಐದು ಮೀಟರಿನವರೆಗೆ ಸ್ಪಷ್ಟವಾಗಿಯೇ ಬರುತ್ತದೆ. ಫೋನಿನವರು ಅತಿ ಅಗಲದ 0.5 ಗುಂಡಿ ಒತ್ತದೆ ಮಾಮೂಲಿ ಕ್ಯಾಮೆರಾದಲ್ಲೇ ತೆಗೆಯಲಿ. ಅದೇ ಸಾಕಷ್ಟು ಅಗಲ.

ಒಂದು ಮಾತ್ರ ಬೇಡ. ಚಿತ್ರ ಚೆಂದ ಬರಲೆಂದು ಮಕ್ಕಳನ್ನು ಸೈನೈಡ್ ಗುಡ್ಡ ಹತ್ತಿಸಬೇಡಿ. ಅದು ಚಿನ್ನ ತೆಗೆದುಳಿದ ಅದಿರಿನ ಪುಡಿ, ಗಾಳಿಗೆ ಎದ್ದು ಕಣ್ಣು ಮೂಗು ಸೇರುತ್ತದೆ. ದೂರದಿಂದಲೇ ಅದನ್ನು ಚೌಕಟ್ಟಿಗೆ ಸೇರಿಸಲೆಂದೇ ಅಲ್ಲವೇ ಅಗಲದ ಲೆನ್ಸ್ ಇರುವುದು!

ಮನೆಯವರನ್ನು ಕೇಳಿಯೇ ತೆಗೆಯಿರಿ, ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ. ಇಂಥ ಚಿತ್ರದಲ್ಲಿ ಮುಖ ಚಿಕ್ಕದಾಗಿರುತ್ತದೆ. ಪ್ರಿಂಟ್ 8×12 ಇಂಚಿಗಿಂತ ಸಣ್ಣದಾದರೆ ಅಜ್ಜಿಗೆ ಮೊಮ್ಮಗಳು ಕಾಣಿಸುವುದಿಲ್ಲ.