ಇಪ್ಪತ್ತು ಲಕ್ಷ ಕಿಲೋಮೀಟರಿನ ಸಂಸಾರ

ಲಾರಿ ಡ್ರೈವರ್ ಒಬ್ಬರು ತೀರಿಕೊಂಡರೆ ಪತ್ರಿಕೆಯ ನಿಧನ ಕಾಲಂನಲ್ಲಿ ಬರುವುದು ಮೂರೇ ಸಾಲು. ರಾಮನಾಥಪುರದ ನಿವಾಸಿ, ನಿವೃತ್ತ ಲಾರಿ ಚಾಲಕ ಇಂಥವರು (ಇಷ್ಟು ವರ್ಷ) ನಿಧನರಾದರು. ಪತ್ನಿ, ಇಬ್ಬರು ಪುತ್ರಿಯರು, ಓರ್ವ ಪುತ್ರ, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ ನೆರವೇರಿತು. ಈ ಮೂರು ಸಾಲಿನಲ್ಲಿ ಅಂಕಿ ಸಿಗುವುದು ವಯಸ್ಸಿಗೆ ಮತ್ತು ಮಕ್ಕಳಿಗೆ ಮಾತ್ರ. ಮಿಕ್ಕ ಲೆಕ್ಕವನ್ನು ಯಾರೂ ಹಾಕಲು ಹೋಗುವುದಿಲ್ಲ. ನಾವು ಹಾಕಿ ನೋಡೋಣ.

ಮೊದಲೇ ಹೇಳಿಬಿಡುತ್ತೇನೆ, ಇವರೇ ಅವರು ಎಂದು ಬೆರಳು ಮಾಡಿ ತೋರಿಸುವಂಥ ಒಬ್ಬರ ಕತೆ ಇದಲ್ಲ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಈ ಕಾವೇರಿ ದಂಡೆಯಲ್ಲಿ, ರಾಮನಾಥಪುರ, ಬಸವಾಪಟ್ಟಣ, ಕೊಣನೂರು ಕಡೆಯ ಊರುಗಳಲ್ಲಿ, ಸ್ಟೇರಿಂಗ್ ಹಿಡಿದು ಸಂಸಾರ ಸಾಕಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನೆಲ್ಲ ಸೇರಿಸಿ ಒಬ್ಬರನ್ನು ಮಾಡಿಕೊಂಡು ‘ಡ್ರೈವರಣ್ಣ’ ಅನ್ನೋಣ. ಕ್ಲೀನರ್ ಆಗಿ ಲಾರಿ ಹತ್ತಿದವರು, 26ಕ್ಕೆ ಡ್ರೈವರ್ ಆದರು, 58ಕ್ಕೆ ಇಳಿದರು. ಒಟ್ಟು 32 ವರ್ಷ.

ನಮ್ಮ ದೇಶದ ಲಾರಿ ದಿನಕ್ಕೆ 250ರಿಂದ 300 ಕಿ.ಮೀ. ಓಡುತ್ತದೆ ಎಂಬುದು ಸಾರಿಗೆ ವಲಯದಲ್ಲಿ ಸಾಮಾನ್ಯವಾಗಿ ಹೇಳುವ ಸರಾಸರಿ. ಕಡಿಮೆಯದನ್ನೇ ತೆಗೆದುಕೊಳ್ಳೋಣ, 250. ವರ್ಷದಲ್ಲಿ ಲೋಡಿಗೆ ಕಾದದ್ದು, ರಿಪೇರಿ, ಎಫ್‌ಸಿ, ಹಬ್ಬ, ಜ್ವರ ಎಲ್ಲ ಕಳೆದು 250 ದಿನ ಓಡಿಸಿದರು ಎನ್ನಿ. ವರ್ಷಕ್ಕೆ 62,500 ಕಿ.ಮೀ. ಆಯಿತು. 32 ವರ್ಷಕ್ಕೆ ಸರಿಯಾಗಿ 20 ಲಕ್ಷ ಕಿ.ಮೀ.

ಭೂಮಧ್ಯರೇಖೆಯ ಸುತ್ತಳತೆ 40,075 ಕಿ.ಮೀ. ಅಂದರೆ ನಮ್ಮ ಡ್ರೈವರಣ್ಣ ಭೂಮಿಯನ್ನು ಐವತ್ತು ಸುತ್ತು ಹಾಕಿದ್ದಾರೆ. ಚಂದ್ರ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಎರಡು ಸಲ ಹೋಗಿ ಬಂದು, ಮೂರನೆಯ ಸಲ ಹೋಗಿ ಮುಟ್ಟಬಹುದಿತ್ತು. ವಾಪಸ್ ಬರಲು ಮಾತ್ರ ಸರ್ವೀಸು ಸಾಲದು. ಊರ ಪಕ್ಕದ ಕಾವೇರಿಯ ಉದ್ದ ತಲಕಾವೇರಿಯಿಂದ ಸಮುದ್ರದವರೆಗೆ ಸುಮಾರು 800 ಕಿ.ಮೀ. ಆ ದಾರಿಯನ್ನು 2,500 ಸಲ ಅಳೆದ ಹಾಗಾಯಿತು. ಇದೇ ದೂರವನ್ನು ದಿನಕ್ಕೆ 3 ಕಿ.ಮೀ.ಯಂತೆ ನಡೆದು ಮುಗಿಸುತ್ತೇನೆ ಅಂದರೆ 1,800 ವರ್ಷಕ್ಕೂ ಹೆಚ್ಚು ಬೇಕು. ನಮ್ಮ ಜಿಲ್ಲೆಯದೇ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಅದನ್ನು ಕೆತ್ತುವುದಕ್ಕೂ ಸುಮಾರು ಎರಡೂವರೆ ಶತಮಾನ ಮೊದಲೇ ಮನೆ ಬಿಟ್ಟಿದ್ದರೆ ಈಗ ತಲುಪುತ್ತಿದ್ದರು.

ಇಷ್ಟೆಲ್ಲ ಲಾರಿಯ ಮೀಟರಿನಲ್ಲಿ ಇರಬೇಕಲ್ಲ ಅಂದರೆ, ಇಲ್ಲ. ಹಳೇ ಲಾರಿಗಳ ಐದಂಕಿಯ ಮೀಟರು 99,999 ಆದ ಮೇಲೆ ಮತ್ತೆ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಎಷ್ಟೋ ಲಾರಿಗಳಲ್ಲಿ ಅದಕ್ಕೂ ಮುಂಚೆಯೇ ಕೇಬಲ್ಲು ಕಿತ್ತುಹೋಗಿರುತ್ತಿತ್ತು, ಕಟ್ಟಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಲಾರಿಯ ಚಕ್ರ ಒಂದು ಸುತ್ತಿಗೆ ಸುಮಾರು ಮೂರೂಕಾಲು ಮೀಟರ್ ಉರುಳುತ್ತದೆ. ಕಿಲೋಮೀಟರಿಗೆ 300 ಸುತ್ತು ಅಂದುಕೊಂಡರೆ 20 ಲಕ್ಷ ಕಿ.ಮೀ.ಗೆ ಒಂದೊಂದು ಚಕ್ರ 60 ಕೋಟಿ ಸುತ್ತು ತಿರುಗಿದೆ. ಮನುಷ್ಯನ ಹೃದಯ ನಿಮಿಷಕ್ಕೆ 70 ಸಲ ಬಡಿದರೆ 32 ವರ್ಷದಲ್ಲಿ ಹತ್ತಿರ ಹತ್ತಿರ 118 ಕೋಟಿ ಬಡಿತ. ನಿದ್ದೆ, ಊಟ, ಮದುವೆ, ಮುಂಜಿ, ಆಸ್ಪತ್ರೆ ಎಲ್ಲ ಸೇರಿದ ಲೆಕ್ಕ ಇದು. ಎದೆ ಎರಡು ಸಲ ಬಡಿದಾಗಲೆಲ್ಲ ಚಕ್ರ ಒಂದು ಸುತ್ತು ತಿರುಗಿತ್ತು. ಈ ಅಂಕಿ ಬಂದಾಗ ನಾನು ಕ್ಯಾಲ್ಕ್ಯುಲೇಟರ್ ಕೆಳಗಿಟ್ಟು ಇನ್ನೊಮ್ಮೆ ಗುಣಿಸಿದೆ. ಅಷ್ಟೇ ಬಂತು.

ಡೀಸೆಲ್ ಲೀಟರಿಗೆ 4 ಕಿ.ಮೀ. ಕೊಟ್ಟರೆ ಒಟ್ಟು 5 ಲಕ್ಷ ಲೀಟರ್. ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 42 ಟ್ಯಾಂಕರ್ ಬೇಕು. ಗೇರು ಕಿಲೋಮೀಟರಿಗೆ ಎರಡೇ ಸಲ ಬದಲಾಯಿಸಿದರು ಎಂದರೂ ಎಡಗಾಲು ಕ್ಲಚ್ಚನ್ನು 40 ಲಕ್ಷ ಸಲ ತುಳಿದಿದೆ. ಎಡ ಮಂಡಿ ನೋವು ಅಂತ ರಿಟೈರಾದ ಡ್ರೈವರುಗಳು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಹೊತ್ತ ಭಾರ. ಆರು ಚಕ್ರದ ಲಾರಿಗೆ, ಸರಕೂ ಸೇರಿ, ಬಹಳ ಕಾಲ ಇದ್ದ ಮಿತಿ 16.2 ಟನ್, 2018ರಲ್ಲಿ 18.5 ಟನ್ನಿಗೆ ಏರಿತು. ಒಳಗಿನ ಲೋಡು 9 ಟನ್, ಮೂರು ದಶಕದಲ್ಲಿ 3,000 ಲೋಡು ಎನ್ನಿ. 27,000 ಟನ್ ಆಗುತ್ತದೆ. ಅದೆಲ್ಲ ಅಕ್ಕಿಯೇ ಆಗಿದ್ದರೆ, 2011ರ ಜನಗಣತಿಯಂತೆ 17.76 ಲಕ್ಷ ಜನರಿದ್ದ ಇಡೀ ಹಾಸನ ಜಿಲ್ಲೆಗೆ ತಲೆಗೆ 5 ಕೆ.ಜಿ.ಯಂತೆ ಮೂರು ತಿಂಗಳ ರೇಷನ್. ಒಬ್ಬ ಮನುಷ್ಯ, ಒಂದು ಸೀಟು.

ಆದರೆ ರಾಮನಾಥಪುರದ ಡ್ರೈವರಿಗೆ ಅಕ್ಕಿಗಿಂತ ಹತ್ತಿರದ ಲೋಡುಗಳು ಬೇರೆ. ಊರಿನಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಕರ್ನಾಟಕಕ್ಕೆ ಮಂಡಳಿ ನಿಗದಿ ಮಾಡುತ್ತ ಬಂದಿರುವ ಹೊಗೆಸೊಪ್ಪಿನ ಪ್ರಮಾಣ ವರ್ಷಕ್ಕೆ 10 ಕೋಟಿ ಕೆ.ಜಿ. ಆಸುಪಾಸು. ಹತ್ತು ಟನ್ನಿನಂತೆ 10,000 ಲಾರಿ. ಸೊಪ್ಪು ಬ್ಯಾರನ್ನಿನಲ್ಲಿ ಬೇಯಬೇಕು. ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಸುಡುತ್ತದೆ. ಅಲ್ಲಿಗೆ ಸೌದೆಯದೇ 40,000 ಲಾರಿ ಮೇಲಾಯಿತು. ಸಿಗರೇಟು ಸೇದುವವನಿಗೆ ಕಾಣುವುದು ಸೊಪ್ಪು ಮಾತ್ರ.

ಇದಕ್ಕಿಂತ ದೊಡ್ಡ ಬೆರಗು ಆಲೂಗಡ್ಡೆಯದು. ಹಾಸನದ ರೈತ ಮುಂಗಾರಿಗೆ ಮುಂಚೆ ನೆಲಕ್ಕಿಡುವ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರದಿಂದ, ಸುಮಾರು 2,700 ಕಿ.ಮೀ. ದೂರದಿಂದ. ಜಿಲ್ಲೆಯಲ್ಲಿ ಒಂದು ಕಾಲಕ್ಕೆ 40,000 ಹೆಕ್ಟೇರಿಗೂ ಮೇಲೆ ಆಲೂಗಡ್ಡೆ ಇತ್ತು. ಅಂಗಮಾರಿ ರೋಗ ಹೊಡೆದ ಮೇಲೆ ಕುಸಿಯುತ್ತ ಬಂತು. ಆ ಕಾಲದ ಲೆಕ್ಕ ಹಿಡಿಯಿರಿ. ಹತ್ತಿರ ಹತ್ತಿರ ಒಂದು ಲಕ್ಷ ಎಕರೆ, ಎಕರೆಗೆ ಏಳು ಕ್ವಿಂಟಲ್ ಬೀಜ, ಒಟ್ಟು 70,000 ಟನ್. ಎಲ್ಲವೂ ಅಲ್ಲಿಂದಲೇ ಬಂದರೆ ಹತ್ತು ಟನ್ನಿನ 7,000 ಲಾರಿ ಬೇಕು. ಎಂಟು ಮೀಟರ್ ಉದ್ದದ ಆ ಲಾರಿಗಳನ್ನು ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ನಿಲ್ಲಿಸಿದರೆ, ಹಾಸನದ ಎಪಿಎಂಸಿ ಗೇಟಿನಿಂದ ಹೊರಟ ಸಾಲು ಅರಕಲಗೂಡು ದಾಟಿ ರಾಮನಾಥಪುರದ ಹೊಳೆ ದಂಡೆಗೆ ಬಂದು ನಿಲ್ಲುತ್ತದೆ. ಇದು ಒಂದು ಬೆಳೆಯ ಒಂದು ಹಂಗಾಮಿನ ಬೀಜದ ಸಾಲು.

ಜಲಂಧರದಿಂದ ಬರುವ ದಾರಿಯ ಬಹುಪಾಲು ಇವತ್ತು ಒಂದೇ ಹೆದ್ದಾರಿ: ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡ ಎನ್‌ಎಚ್ 44. ಜಲಂಧರ, ಲುಧಿಯಾನ, ದೆಹಲಿ, ಆಗ್ರಾ, ಗ್ವಾಲಿಯರ್, ನಾಗಪುರ, ಹೈದರಾಬಾದ್, ಕರ್ನೂಲು, ಬೆಂಗಳೂರು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ, ಮೂಟೆಯೊಳಗೆ ಗಡ್ಡೆ ಕೊಳೆಯುವುದಕ್ಕೆ ಮುಂಚೆ ತಲುಪಿಸಬೇಕು. ಕ್ಯಾಬಿನ್ನಿನಲ್ಲಿ ಕಾಲಡಿಗೆ ಇಂಜಿನ್ನಿನ ಕಾವು, ತಲೆ ಮೇಲೆ ಕಾದ ತಗಡು. ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದು 2025ರಲ್ಲಿ. ನಮ್ಮ ಡ್ರೈವರಣ್ಣ ಇಳಿದು ಎಷ್ಟೋ ವರ್ಷವಾದ ಮೇಲೆ.

ಉತ್ತರದ ದಾರಿ ಹಾಗಿರಲಿ, ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಇಳಿಯುವ ಶಿರಾಡಿ ಘಾಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಮಂಗಳೂರು ಬಂದರು ಸಮುದ್ರದಂಚಿನಲ್ಲಿ. 16 ಟನ್ನಿನ ಲಾರಿ ಅಷ್ಟು ಎತ್ತರ ಇಳಿಯುವಾಗ ಬಿಡುವ ಶಕ್ತಿ ಸುಮಾರು 40 ಯೂನಿಟ್ ಕರೆಂಟಿನಷ್ಟು. ಅದೆಲ್ಲ ಎಲ್ಲೋ ಶಾಖವಾಗಿ ಹೋಗಲೇಬೇಕು. 450 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ, ಅಂದರೆ ಬಚ್ಚಲ ಹಂಡೆ ಹತ್ತು. ಇಷ್ಟನ್ನೂ ಬ್ರೇಕ್ ಡ್ರಮ್ಮಿನ ಮೇಲೆ ಹಾಕಿದರೆ ಲೈನರ್ ಸುಟ್ಟು ಹೊಗೆಯಾಡುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಲಾರಿ ನಿಲ್ಲುವುದಿಲ್ಲ. ಅದಕ್ಕೇ ಹಳಬರು ಕ್ಲೀನರ್ ಹುಡುಗನಿಗೆ ಮೊದಲು ಕಲಿಸುತ್ತಿದ್ದ ಪಾಠ: ‘ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳೀಬೇಕು ಕಣ್ಲಾ.’ ಇಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳಲಿ, ಬ್ರೇಕು ಆಪತ್ತಿಗಿರಲಿ ಎಂಬ ಲೆಕ್ಕ. ಬಲಗಾಲು ಪೆಡಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಕಿವಿ ಇಂಜಿನ್ನಿನ ಸದ್ದಿನ ಮೇಲೆ, ಮೂಗು ಲೈನರ್ ವಾಸನೆಯ ಮೇಲೆ. ತಿಂಗಳಿಗೆ ಎರಡೇ ಸಲ ಹೀಗೆ ಇಳಿದಿದ್ದರೂ 32 ವರ್ಷದಲ್ಲಿ 78 ಎವರೆಸ್ಟ್ ಇಳಿದ ಹಾಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ರಸ್ತೆಗಳಲ್ಲಿ 20 ಲಕ್ಷ ಕಿ.ಮೀ. ಓಡಿಸಿ ಮನೆಯ ಜಗುಲಿಗೆ ಬಂದು ಕೂತವರನ್ನು ನಾವು ‘ಬರೀ ಡ್ರೈವರ್’ ಅನ್ನುತ್ತೇವೆ.

ಇಲ್ಲಿಯವರೆಗಿನದೆಲ್ಲ ದೊಡ್ಡ ಅಂಕಿ. ನನ್ನನ್ನು ಹೆಚ್ಚು ಕಾಡಿದ್ದು ಸಣ್ಣದೊಂದು ಅಂಕಿ, ರಾತ್ರಿಗಳದು.

ತಿಂಗಳಿಗೆ 20 ರಾತ್ರಿ ಹೊರಗೆ. ವರ್ಷಕ್ಕೆ 240, 32 ವರ್ಷಕ್ಕೆ 7,680. ಇಪ್ಪತ್ತೊಂದು ವರ್ಷದಷ್ಟು ರಾತ್ರಿ ಕ್ಯಾಬಿನ್ನಿನಲ್ಲಿ, ಟಾರ್ಪಾಲಿನ ಮೇಲೆ, ಬಂಕಿನ ಜಾಗದಲ್ಲಿ, ಧಾಬಾದ ಹಗ್ಗದ ಮಂಚದ ಮೇಲೆ. ಮಗಳಿಗೆ 18 ತುಂಬುವ ಹೊತ್ತಿಗೆ ಅಪ್ಪ ಅವಳಿದ್ದ ಮನೆಯಲ್ಲಿ ಮಲಗಿದ್ದು ಸುಮಾರು 2,250 ರಾತ್ರಿ. ಆರು ವರ್ಷದ ಮೇಲೆ ಸ್ವಲ್ಪ. ಅದರಲ್ಲೂ ಅವರು ಬಂದದ್ದು ನಡುರಾತ್ರಿ, ಹೊರಟದ್ದು ಕೋಳಿ ಕೂಗುವ ಮೊದಲು ಆಗಿದ್ದರೆ, ಮಗು ಎಚ್ಚರವಿದ್ದಾಗ ಕಂಡ ಅಪ್ಪನ ಲೆಕ್ಕ ಇನ್ನೂ ಇಳಿಯುತ್ತದೆ. ಡ್ರೈವರುಗಳ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಮಾತಿದು:

‘ಅಪ್ಪ, ಎಷ್ಟ್ ದಿನ ಇರ್ತೀಯ?’

‘ಲೋಡ್ ಸಿಗೋಗಂಟ ಇರ್ತೀನಿ ಕಣವ್ವ.’

ಮಗಳು ಲೋಡು ಸಿಗದಿರಲಪ್ಪ ಅಂದುಕೊಂಡರೆ, ಅಡುಗೆಮನೆಯಲ್ಲಿದ್ದ ತಾಯಿ ಸಿಗಲಪ್ಪ ಅಂದುಕೊಳ್ಳುತ್ತಿದ್ದರು. ಇಬ್ಬರದೂ ಪ್ರೀತಿಯೇ.

ದೂರವೇ ಕಸುಬಾದವರು ಮನೆಯನ್ನು ಹೇಗೆ ಹಿಡಿದುಕೊಂಡಿದ್ದರು? ಎಂಬತ್ತರ ದಶಕದಲ್ಲಿ 15 ಪೈಸೆಯ ಕಾರ್ಡು. ಆಮೇಲೆ ಎಸ್‌ಟಿಡಿ ಬೂತು. ರಾತ್ರಿ ಏರಿದಷ್ಟೂ ದರ ಇಳಿಯುತ್ತಿತ್ತು, 11ರ ನಂತರ ಕಾಲು ಭಾಗ. ಹೆದ್ದಾರಿಯ ಬೂತುಗಳಲ್ಲಿ ಹನ್ನೊಂದಕ್ಕೆ ಸಾಲು ಹಚ್ಚುತ್ತಿದ್ದವರಲ್ಲಿ ಡ್ರೈವರುಗಳು ಇದ್ದೇ ಇರುತ್ತಿದ್ದರು. ಊರಲ್ಲಿ ಫೋನಿದ್ದ ಮನೆಯವರು ನಿದ್ದೆಗಣ್ಣಲ್ಲಿ ಎದ್ದು ‘ನಿಮ್ಮ ಯಜಮಾನ್ರು ಲೈನಲ್ಲವ್ರೆ’ ಅಂತ ಕೂಗಬೇಕಿತ್ತು. ನಾಗಪುರದ ಕಿತ್ತಳೆ ಹತ್ತಿರ ಹತ್ತಿರ 1,300 ಕಿ.ಮೀ. ಸೀಟಿನ ಹಿಂದೆ ಕೂತು ಬರುತ್ತಿತ್ತು, ಆಗ್ರಾದ ಪೇಠ ಇನ್ನೂ ದೂರದಿಂದ. ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ಷಷ್ಠಿ ತೇರಿಗೆ ಮನೆಯಲ್ಲಿರಬೇಕೆಂದು ಬ್ರೋಕರ್ ಆಫೀಸಿನಲ್ಲಿ ಒಳ್ಳೆಯ ಬಾಡಿಗೆಯನ್ನೇ ಬಿಟ್ಟವರಿದ್ದಾರೆ. ಲಾರಿಯ ಹಣೆಯ ಮೇಲೆ ಮಕ್ಕಳ ಹೆಸರು ಬರೆಸುತ್ತಿದ್ದುದನ್ನು ಷೋಕಿ ಅಂತ ನಗುತ್ತೇವೆ. 7,680 ರಾತ್ರಿಯ ಲೆಕ್ಕ ಹಾಕಿದ ಮೇಲೆ ನನಗೆ ನಗು ಬರಲಿಲ್ಲ.

ರಿಟೈರಾದ ಮೇಲೆ ಈ ಕಾಲುಗಳಿಗೆ ಉಳಿಯುವುದು ಸಣ್ಣ ದೂರ. ಮನೆಯಿಂದ ರಾಮೇಶ್ವರ ದೇವಸ್ಥಾನ, ಅಲ್ಲಿಂದ ಹೊಳೆಯ ವಹ್ನಿ ಪುಷ್ಕರಿಣಿ. ಅಲ್ಲಿ ಮೀನು ಹಿಡಿಯುವಂತಿಲ್ಲ, ಪುರಿ ಎಸೆದರೆ ಮೊಳದುದ್ದದ ಮೀನುಗಳು ಮುಗಿಬೀಳುತ್ತವೆ. ಮೊಮ್ಮಗನ ಕೈಗೆ ಪುರಿ ಕೊಟ್ಟು ಮೆಟ್ಟಿಲ ಮೇಲೆ ಕೂರುವ ತಾತಂದಿರಲ್ಲಿ ಐವತ್ತು ಸಲ ಭೂಮಿ ಸುತ್ತಿದವರು ಯಾರೆಂದು ನೋಡಿದರೆ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವ ಅಭ್ಯಾಸ ಮಾತ್ರ ಹೋಗುವುದಿಲ್ಲವಂತೆ.

ಕೊನೆಗೆ ಎರಡು ಅಂಕಿ ಹೇಳಲೇಬೇಕು. 2022ರಲ್ಲಿ ದೇಶದಲ್ಲಿ ಓಡುತ್ತಿದ್ದ ಲಾರಿಗಳು ಸುಮಾರು 40 ಲಕ್ಷ, ಸರಕಿನಲ್ಲಿ ನೂರಕ್ಕೆ ಎಪ್ಪತ್ತು ಭಾಗ ಸಾಗುವುದು ರಸ್ತೆಯಲ್ಲೇ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು 1961ರಲ್ಲೇ ಕಾನೂನು ಮಾಡಿದ್ದೆವು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ನಮ್ಮಲ್ಲಿ ಬಹುಪಾಲು ಮಾಲೀಕರ ಹತ್ತಿರ ಇರುವುದೇ ಒಂದೋ ಎರಡೋ ಲಾರಿ. ಹಾಗಾಗಿ ಡ್ರೈವರಣ್ಣನ 32 ವರ್ಷಕ್ಕೆ ಗಂಟೆಯ ಮಿತಿಯೂ ಇರಲಿಲ್ಲ, ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಇದು ನಾಚಿಕೆಗೇಡು.

ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಕರ್ನಾಟಕದಲ್ಲಿ 2024ರಲ್ಲಿ ಕಾಯ್ದೆಯೊಂದು ಬಂದಿದೆ. ಡ್ರೈವರ್, ಕ್ಲೀನರ್ ಕೆಲಸದವರು ಹೆಸರು ನೋಂದಾಯಿಸಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಈಗ ಸ್ಟೇರಿಂಗ್ ಹಿಡಿದಿರುವ ಹುಡುಗನಿದ್ದರೆ, ಆಧಾರ್ ಮತ್ತು ಡಿಎಲ್ ತೆಗೆದುಕೊಂಡು ತಾಲ್ಲೂಕಿನ ಕಾರ್ಮಿಕ ಇಲಾಖೆಗೆ ಒಮ್ಮೆ ಹೋಗಿ ವಿಚಾರಿಸಲು ಹೇಳಿ. ಲಾರಿ ಲೋಡಿಗೆ ಕಾಯುತ್ತಿರುವ ದಿನವೇ ಹೋಗಿ ಬರಲಿ.