ಹನ್ನೊಂದರಿಂದ ಎಣಿಕೆ ತೊಡಗಿದ ಮಾಲೆ

‘ಅಮರ ಚಿತ್ರಕಥಾ’ ಮಾಲೆಯ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಇರಿಸಿಕೊಂಡವರ ಕಣ್ಣಿಗೆ ಒಂದು ಸೋಜಿಗವು ಬೀಳದಿರದು. ಇಂಗ್ಲಿಷಿನಲ್ಲಿ ಆ ಮಾಲೆಯ ಮೊದಲ ಪುಸ್ತಕ ‘ಕೃಷ್ಣ’. ಆದರೆ ಅದಕ್ಕೆ ಕೊಟ್ಟ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು! ಹಾಗಾದರೆ ಮೊದಲಿನ ಹತ್ತು ಪುಸ್ತಕಗಳು ಎಲ್ಲಿ ಹೋದವು?

ಅವು ಎಲ್ಲಿಯೂ ಹೋಗಲಿಲ್ಲ. ಅವು ಕನ್ನಡದಲ್ಲಿದ್ದವು. ಭಾರತದ ಮನೆಮನೆಯ ಮಕ್ಕಳು ಓದಿ ಬೆಳೆದ ಚಿತ್ರಕಥಾಮಾಲೆಯೊಂದು ಮೊದಲು ಕಣ್ದೆರೆದುದು ಕನ್ನಡ ನುಡಿಯಲ್ಲಿ, ೧೯೬೫ರಲ್ಲಿ. ಈ ಸಂಗತಿಯನ್ನು ಬಹುಮಂದಿ ಕನ್ನಡಿಗರೇ ಅರಿಯರು. ಚಿತ್ರಕಥೆಯ ಮೋಹಕ್ಕೆ ಒಳಗಾದವರು ಓದಿ ಸುಮ್ಮನಾಗದೆ, ತಾವೇ ಹೇಳತೊಡಗಿದುದರ ಕಥೆಯಿದು.

ಅದನ್ನು ಹೇಳುವ ಮುನ್ನ ರಾಯಚೂರು ಜಿಲ್ಲೆಯ ಒಂದು ರಸ್ತೆಯಲ್ಲಿ ಕೊಂಚ ದೂರ ಸಾಗಿಬರುವುದು ಒಳ್ಳೆಯದು. ಚಿತ್ರಕಥೆಗೆ ಬೇಕಾದುವು ಎರಡೇ ವಸ್ತುಗಳು: ಚಿತ್ರ ಮತ್ತು ಅಕ್ಷರ. ಈ ಎರಡೂ ಕಾಗದವಿಲ್ಲದ ಕಾಲದಲ್ಲಿ ಹೇಗಿದ್ದುವೆಂಬುದನ್ನು ಆ ರಸ್ತೆಯ ಆಸುಪಾಸಿನಲ್ಲಿ ಇಂದಿಗೂ ಕಾಣಬಹುದು.

ಕಲ್ಲಿನ ಮೇಲೆ ಚಿತ್ರ, ಕಲ್ಲಿನ ಮೇಲೆ ಅಕ್ಷರ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ನಡುವೆ ಮಸ್ಕಿ ಸಿಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬತ್ತದ ಗದ್ದೆಗಳಾದ ಸಿಂಧನೂರಿನ ನೆಲವನ್ನು ಹಿಂದೆ ಬಿಟ್ಟು, ಬಂಡೆಗಳ ಸೀಮೆಯತ್ತ ಈ ಪಯಣ. ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ಲಿನ ಕೋಟೆಗೆ ಸಮೀಪದಲ್ಲಿ, ಪಿಕ್ಲಿಹಾಳವೆಂಬ ಊರಿದೆ. ನವಶಿಲಾಯುಗದ ದನಗಾಹಿಗಳು ಅಲ್ಲಿನ ಬಂಡೆಗಳ ಮೇಲೆ ನೀಳ ಕೊಂಬಿನ ಎತ್ತುಗಳನ್ನೂ ಮನುಷ್ಯರನ್ನೂ ಬರೆದಿಟ್ಟಿದ್ದಾರೆ. ಕೆಲವನ್ನು ಬಣ್ಣದಿಂದ, ಕೆಲವನ್ನು ಕಲ್ಲಿನಿಂದ ಕಲ್ಲನ್ನು ಕುಟ್ಟಿ. ಅಲ್ಲಿ ಅಗೆತ ನಡೆಸಿದ ವಿದ್ವಾಂಸ ಎಫ್. ಆರ್. ಆಲ್ಚಿನ್ ಅವರ ವರದಿಯು ೧೯೬೦ರಲ್ಲಿ ಪ್ರಕಟವಾಯಿತು. ಅಲ್ಲಿರುವುದು ಬರಿಯ ಚಿತ್ರ. ಅದರ ಜೊತೆಗೆ ಒಂದು ಅಕ್ಷರವೂ ಇಲ್ಲ. ಆ ಎತ್ತು ಯಾರದು, ಆ ಮನುಷ್ಯನು ಯಾರು? ಹೇಳಬಲ್ಲವರಿಲ್ಲ.

ಮಸ್ಕಿಯಲ್ಲಿ ಇದಕ್ಕೆ ತೀರ ವಿರುದ್ಧ. ೧೯೧೫ರ ಜನವರಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಅಲ್ಲಿಗೆ ಬಂದನು. ಆಗ ಮಸ್ಕಿಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ ಒಂದು ಹಳ್ಳಿ. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಚಿನ್ನವನ್ನು ಹುಡುಕಿದವನಿಗೆ ಸಿಕ್ಕಿದುದು ಬ್ರಾಹ್ಮೀ ಲಿಪಿಯ ಎಂಟು ಸಾಲುಗಳು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಆ ಶಾಸನವನ್ನು ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೊರೆಯ ಹೆಸರಾಗಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದುವು. ಮಸ್ಕಿಯ ಬಂಡೆಯು ‘ಅಶೋಕ’ ಎಂಬ ಹೆಸರನ್ನೇ ನುಡಿಯಿತು. ಮುಂದೆ ಮಧ್ಯಪ್ರದೇಶದ ಗುಜ್ಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳಗಳಲ್ಲಿಯೂ ಆ ಹೆಸರು ದೊರೆಯಿತಾದರೂ, ಮೊದಲು ಹೇಳಿದ ಕೀರ್ತಿ ಮಸ್ಕಿಯದೇ. ಆದರೆ ಇಲ್ಲಿರುವುದು ಬರಿಯ ಅಕ್ಷರ, ದೊರೆಯ ಮುಖವಿಲ್ಲ.

ಚಿತ್ರವೂ ಅಕ್ಷರವೂ ಕೈಹಿಡಿದುದನ್ನು ನೋಡಬೇಕಾದರೆ ಕಲಬುರಗಿ ಜಿಲ್ಲೆಗೆ ಹೋಗಬೇಕು. ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ೧೯೯೦ರ ದಶಕದ ಉತ್ಖನನದಲ್ಲಿ, ಬೌದ್ಧ ಸ್ತೂಪವೊಂದರ ಕೆತ್ತನೆಯ ಫಲಕಗಳು ಹೊರಬಂದುವು. ಅವುಗಳಲ್ಲೊಂದರಲ್ಲಿ ರಾಜನು ರಾಣಿ ಪರಿವಾರದೊಡನೆ ನಿಂತಿದ್ದಾನೆ. ಅಲ್ಲಿಯೇ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂಬರ್ಥದ ಬರೆಹವಿದೆ. ಮೇಲೆ ಚಿತ್ರ, ಅದರ ಜೊತೆಗೊಂದು ಹೆಸರು: ನೋಡಿದವನಿಗೆ ಇನ್ನು ಸಂದೇಹವಿಲ್ಲ. ಚಿತ್ರಕಥೆಯ ಗುಟ್ಟೆಲ್ಲ ಇರುವುದು ಇಷ್ಟರಲ್ಲಿಯೇ.

ಈ ಸೀಮೆಯ ಜನಕ್ಕೆ ಚಿತ್ರದಲ್ಲಿ ಕಥೆ ನೋಡುವುದು ಹೊಸತೇನೂ ಅಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಕಿಳ್ಳೇಕ್ಯಾತ ಕಲಾವಿದರು ತೊಗಲಿನ ಮೇಲೆ ಬಣ್ಣದ ಚಿತ್ರ ಬರೆದು, ಹಿಂದೆ ದೀಪವಿರಿಸಿ, ಪರದೆಯ ಮೇಲೆ ರಾಮಾಯಣ ಮಹಾಭಾರತಗಳನ್ನು ಆಡಿಸುತ್ತ ಬಂದವರು. ಎಷ್ಟೋ ವೇಳೆ ಒಂದೇ ತೊಗಲಿನಲ್ಲಿ ಹಲವು ಪಾತ್ರಗಳ ಒಂದು ಇಡಿಯ ಸನ್ನಿವೇಶವಿರುತ್ತದೆ. ಚಿತ್ರಕಥೆಯ ಒಂದು ಚೌಕಟ್ಟು ಎಂದರೆ ಇದೇ ಅಲ್ಲವೇ? ಕೊಪ್ಪಳ ಜಿಲ್ಲೆಯ ಮೋರನಾಳದ ವಯೋವೃದ್ಧೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದು ಈ ಕಲೆಗಾಗಿಯೇ.

ಕಾರ್ಕಳದ ಬಾಲಕ

ತೊಗಲಿನಿಂದ ಕಾಗದಕ್ಕೆ ಬರೋಣ. ಅನಂತ ಪೈ ಅವರು ಹುಟ್ಟಿದುದು ೧೯೨೯ರ ಸೆಪ್ಟೆಂಬರ್ ೧೭ರಂದು, ಕಾರ್ಕಳದಲ್ಲಿ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡರು. ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಯನ್ನು ಸೇರಿದರು. ಓದಿದುದು ರಸಾಯನ ತಂತ್ರಶಾಸ್ತ್ರ. ಆ ಕಾಲಕ್ಕೆ ಅಂಥ ಪದವಿಯುಳ್ಳವರು ಕಾರ್ಖಾನೆಯೊಂದರಲ್ಲಿ ಉದ್ಯೋಗ ಹಿಡಿದು ನೆಮ್ಮದಿಯಾಗಿ ಬಾಳಬಹುದಾಗಿತ್ತು. ಪೈ ಅವರ ಮನಸ್ಸು ಮಾತ್ರ ಅಚ್ಚಿನ ಮನೆಯ ಕಡೆಗೆ ಎಳೆಯುತ್ತಿತ್ತು. ೧೯೫೪ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆಯೊಂದನ್ನು ಹೊರಡಿಸಿದರು. ಅದು ನಿಲ್ಲಲಿಲ್ಲ.

ಕೈಸುಟ್ಟುಕೊಂಡವರು ಸಾಮಾನ್ಯವಾಗಿ ದೂರ ಸರಿಯುತ್ತಾರೆ. ಪೈ ಅವರು ಸರಿಯಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು. ಅಲ್ಲಿಂದಲೇ ೧೯೬೪ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಹೊರಟಿತು. ಲೀ ಫಾಕ್ ಸೃಷ್ಟಿಸಿದ ಮುಸುಕಿನ ವೀರ ಫ್ಯಾಂಟಮ್ ಭಾರತದ ಹುಡುಗರ ಗೆಳೆಯನಾದನು. ಚಿತ್ರಕಥೆಗೆ ಇರುವ ಆಕರ್ಷಣೆ ಎಷ್ಟೆಂಬುದನ್ನು ಪೈ ಅವರು ಅಲ್ಲಿ ಕಣ್ಣಾರೆ ಕಂಡರು.

ಬೆಂಗಳೂರಿನ ಪುಸ್ತಕ ವ್ಯಾಪಾರಿ

ಇದೇ ಸಮಯದಲ್ಲಿ, ಇತ್ತ ಬೆಂಗಳೂರಿನಲ್ಲಿ, ಇನ್ನೊಬ್ಬರ ತಲೆಯಲ್ಲಿಯೂ ಇಂಥದೇ ಯೋಚನೆ ಓಡುತ್ತಿತ್ತು. ಅವರು ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕಗಳನ್ನು ಮಾರುತ್ತಿದ್ದ ಜಿ. ಕೆ. ಅನಂತರಾಮ್. ಮಕ್ಕಳ ಚಿತ್ರಕಥೆಗಳು ಇಂಗ್ಲಿಷಿನಲ್ಲಿಯೇ ಏಕಿರಬೇಕು, ಕನ್ನಡದಲ್ಲಿ ಏಕೆ ಬರಬಾರದು? ಅವರ ಸೂಚನೆಯಂತೆ ೧೯೬೫ರಲ್ಲಿ ಹತ್ತು ಪುಸ್ತಕಗಳು ‘ಅಮರ ಚಿತ್ರಕಥಾ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಹೊರಬಂದುವು. ಕಥೆಗಳೇನೋ ಸಿಂಡರೆಲಾ, ಕೆಂಪು ಟೋಪಿಯ ಹುಡುಗಿ ಮೊದಲಾದ ಪಶ್ಚಿಮದವೇ. ಮಾತು ಮಾತ್ರ ಕನ್ನಡ. ಪುಸ್ತಕಗಳು ಚೆನ್ನಾಗಿ ಮಾರಾಟವಾದುವು. ಆ ಯಶಸ್ಸನ್ನು ಕಂಡ ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದಿತು.

ಅತ್ತ ಪೈ ಅವರಿಗೆ ೧೯೬೭ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ದೂರದರ್ಶನದ ರಸಪ್ರಶ್ನೆಯನ್ನು ನೋಡುವ ಸಂದರ್ಭ ಒದಗಿತು. ಗ್ರೀಕ್ ದೇವತೆಗಳ ವಿಷಯವನ್ನು ಬಲ್ಲ ವಿದ್ಯಾರ್ಥಿಗಳು ಶ್ರೀರಾಮನ ತಾಯಿ ಯಾರೆಂಬ ಪ್ರಶ್ನೆಗೆ ಉತ್ತರ ಹೇಳದೆ ಹೋದರಂತೆ. ಈ ಪ್ರಸಂಗವನ್ನು ಅವರು ಅನೇಕ ಸಲ ಹೇಳಿಕೊಂಡಿದ್ದಾರೆ. ಇಂಡಿಯಾ ಬುಕ್ ಹೌಸಿನ ಮೀರ್ಚಂದಾನಿಯವರ ಬೆಂಬಲದಿಂದ ಅವರು ಮಾಲೆಯ ಸಂಪಾದಕತ್ವವನ್ನು ವಹಿಸಿಕೊಂಡರು. ಕನ್ನಡದ ಹತ್ತರ ಮುಂದೆ ಹನ್ನೊಂದನೆಯದಾಗಿ ‘ಕೃಷ್ಣ’ ಬಂದನು. ಬರೆದವರು ಪೈ, ಚಿತ್ರ ರಾಮ್ ವಾಯೀರ್‌ಕರ್ ಅವರದು.

ಇಬ್ಬರಲ್ಲಿ ಯಾರು ಮೊದಲು ಎಂಬ ವಾದಕ್ಕೆ ಹೊರಡುವುದು ವ್ಯರ್ಥ. ಒಬ್ಬರು ನೆಲವನ್ನು ಉತ್ತರು, ಇನ್ನೊಬ್ಬರು ಬಿತ್ತಿದರು. ಆದರೆ ಲೋಕವು ‘ಪೈ ಮಾಮ’ನನ್ನು ನೆನೆದಷ್ಟು ಬೆಂಗಳೂರಿನ ವ್ಯಾಪಾರಿಯನ್ನು ನೆನೆಯಲಿಲ್ಲ.

ಒಂದೇ ಚಿತ್ರ, ಹಲವು ಮಾತು

ಮಾಲೆಯು ಬೆಳೆದು ನಾನೂರಕ್ಕೂ ಮೀರಿದ ಪುಸ್ತಕಗಳಾದುವು. ಇಪ್ಪತ್ತರಷ್ಟು ಭಾಷೆಗಳಲ್ಲಿ ಕೋಟಿಗಟ್ಟಲೆ ಪ್ರತಿಗಳು ಹೋದುವು. ಬಸವೇಶ್ವರ, ಕೃಷ್ಣದೇವರಾಯ, ರಾಣಿ ಅಬ್ಬಕ್ಕ ಇವರೆಲ್ಲ ಅದರೊಳಗೆ ಸೇರಿದರು. ೧೯೮೦ರಲ್ಲಿ ಮಕ್ಕಳಿಗಾಗಿ ‘ಟಿಂಕಲ್’ ಬಂದಿತು.

ಇಷ್ಟು ಭಾಷೆಗಳಿಗೆ ಹರಡಲು ಸಾಧ್ಯವಾದುದು ಹೇಗೆ? ಚಿತ್ರಕಥೆಯಲ್ಲಿ ಚಿತ್ರವು ಬದಲಾಗುವುದಿಲ್ಲ. ಪಾತ್ರದ ಬಾಯಿಂದ ಹೊರಟ ಗುಳ್ಳೆಯೊಳಗಿನ ಮಾತು ಮಾತ್ರ ಬದಲಾಗುತ್ತದೆ. ಬಣ್ಣದ ಅಚ್ಚು ಎಲ್ಲ ಭಾಷೆಗೂ ಒಂದೇ. ಅಳತೆಗೆ ತಕ್ಕಂತೆ ಮಾತನ್ನು ಹಿಡಿಸುವುದೇ ಅನುವಾದಕನ ಪಾಡು. ಕನ್ನಡದ ಒತ್ತಕ್ಷರಗಳು ಕೆಳಗೂ ಜಾಗ ಬೇಡುವುದರಿಂದ ಇಲ್ಲಿ ಮಾತು ಇನ್ನಷ್ಟು ಮಿತವಾಗಬೇಕು. ಸಿಂಧನೂರಿನಂಥ ಊರಿಗೆ ಇದರ ಅರ್ಥ ಚೆನ್ನಾಗಿ ತಿಳಿದೀತು. ಅಲ್ಲಿ ಕನ್ನಡದ ಜೊತೆಗೆ, ನೀರಾವರಿಯ ನೆಲವನ್ನರಸಿ ಬಂದವರ ತೆಲುಗೂ, ಪೂರ್ವ ಬಂಗಾಲದಿಂದ ಬಂದು ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದವರ ಬಂಗಾಲಿಯೂ ಕಿವಿಗೆ ಬೀಳುತ್ತವೆ. ಈ ಮೂರು ನುಡಿಗಳಲ್ಲಿಯೂ ಅದೇ ಕೃಷ್ಣನು ಅದೇ ಭಂಗಿಯಲ್ಲಿ ನಿಂತು ಮಾತನಾಡಿದ್ದಾನೆ.

ಮಾಲೆಯು ದೋಷಮುಕ್ತವೆಂದು ಹೇಳಲಾಗದು. ನಾಯಕರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ. ಹೆಂಗಸರು ಸಹನೆಯ ಮೂರ್ತಿಗಳು. ಮೇಲುಜಾತಿಯ ಕಣ್ಣಿನಿಂದ ಕಂಡ ಲೋಕ: ಹೀಗೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಚಿತ್ರವು ಮಾತಿಗಿಂತ ಬೇಗ ಮನಸ್ಸಿನಲ್ಲಿ ಊರುತ್ತದೆ. ಆದುದರಿಂದಲೇ ಅದರ ತಪ್ಪೂ ಬೇಗ ಅಳಿಯದು. ಮಕ್ಕಳ ಜೊತೆ ಕುಳಿತು ಓದುವ ಹಿರಿಯರು ಈ ಮಾತನ್ನೂ ಅವರಿಗೆ ಹೇಳುವುದು ಒಳಿತು.

೨೦೧೧ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್ ಸಮಾವೇಶವು ಪೈ ಅವರಿಗೆ ಜೀವಮಾನ ಸಾಧನೆಯ ಗೌರವವನ್ನು ಸಲ್ಲಿಸಿತು. ಅದೇ ತಿಂಗಳ ೨೪ರಂದು ಅವರು ಕಾಲವಾದರು.

ರದ್ದಿಗೆ ಹೋಗುವ ಮುನ್ನ

ಕಲ್ಲಿಗೆ ಒಂದು ಸೌಭಾಗ್ಯವಿದೆ: ಅದನ್ನು ಯಾರೂ ತೂಕಕ್ಕೆ ಹಾಕುವುದಿಲ್ಲ. ಮಸ್ಕಿಯ ಎಂಟು ಸಾಲುಗಳು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಓದುಗನಿಗಾಗಿ ಕಾದುವು. ಕಾಗದಕ್ಕೆ ಆ ಸೌಭಾಗ್ಯವಿಲ್ಲ. ೧೯೬೫ರ ಆ ಹತ್ತು ಕನ್ನಡ ಪುಸ್ತಕಗಳು ಇಂದು ಸುಲಭವಾಗಿ ಕೈಗೆ ಸಿಗುವಂಥವಲ್ಲ. ತೆಳುವಾದ ಮಕ್ಕಳ ಪುಸ್ತಕಗಳನ್ನು ಮಕ್ಕಳು ದೊಡ್ಡವರಾದೊಡನೆ ರದ್ದಿಗೆ ಹಾಕುವುದು ಮನೆಮನೆಯ ವಾಡಿಕೆ. ಉಳಿದಿದ್ದರೆ, ಅದು ಯಾವುದೋ ಮನೆಯ ಅಟ್ಟದ ಮೇಲೆ, ಯಾವನೋ ಚಿತ್ರಕಥಾಪ್ರೇಮಿಯ ಟ್ರಂಕಿನಲ್ಲಿ.

ಆದುದರಿಂದ ಮುಂದಿನ ಸಲ ಅಟ್ಟವನ್ನು ಗುಡಿಸುವಾಗ ಒಂದು ಕ್ಷಣ ನಿಲ್ಲಬೇಕು. ಹಳೆಯ ಚಿತ್ರಕಥೆಯು ಸಿಕ್ಕಿದರೆ ಅದರ ವರ್ಷ, ಬೆಲೆ, ಚಿತ್ರಕಾರನ ಹೆಸರು ಇವಿಷ್ಟನ್ನಾದರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬಲ್ಲವರಿಗೆ ತಿಳಿಸಬೇಕು. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಮಸ್ಕಿಯ ಶಾಸನದ ತಾತ್ಪರ್ಯವೂ ಸ್ಥೂಲವಾಗಿ ಇದೇ: ಹಿರಿಯ ಗುರಿಯನ್ನು ದೊಡ್ಡವರೇ ಮುಟ್ಟಬೇಕೆಂದು ತಿಳಿಯಬೇಡಿರಿ, ಶ್ರದ್ಧೆಯಿದ್ದರೆ ಸಣ್ಣವರಿಗೂ ಅದು ಸಾಧ್ಯ. ಬೆಂಗಳೂರಿನ ಪುಸ್ತಕ ವ್ಯಾಪಾರಿಯೊಬ್ಬರು ಅದನ್ನು ಮಾಡಿ ತೋರಿಸಿದರು. ಲಿಂಗಸುಗೂರು, ಸಿಂಧನೂರುಗಳ ಶಾಲೆಯ ಮಕ್ಕಳಿಗೆ ‘ಅಶೋಕ’ ಚಿತ್ರಕಥೆಯನ್ನು ಓದಿಸಿ, ಮರುದಿನ ಮಸ್ಕಿಯ ಬಸ್ಸು ಹತ್ತಿಸಿ ಆ ಬಂಡೆಯ ಮುಂದೆ ನಿಲ್ಲಿಸಿದರೆ, ನಾಳೆ ಅವರಲ್ಲೊಬ್ಬನು ತನ್ನ ಊರಿನ ಕಥೆಯನ್ನು ತಾನೇ ಬರೆಯಲು ಕುಳಿತಾನು.