ಕಡಲಿನ ಎಣ್ಣೆಗೆ ಯಾವ ಸೀಗೆಕಾಯಿ?

ಒಬ್ಬರಿಗೊಬ್ಬರು ಆಗದವರದು 'ಎಣ್ಣೆ-ಸೀಗೆಕಾಯಿ ಸಂಬಂಧ' ಎನ್ನುವುದು ಕನ್ನಡದ ರೂಢಿ. ಬರಿಯ ನೀರಿಗೆ ಬಗ್ಗದ ಎಣ್ಣೆ ಸೀಗೆಪುಡಿ ತಾಗಿದೊಡನೆ ಸಡಿಲಗೊಂಡು ಹರಿದುಹೋಗುತ್ತದೆ. ಕಡಲಿಗೆ ಚೆಲ್ಲಿದ ಕಚ್ಚಾ ತೈಲವನ್ನೂ ಹೀಗೆಯೇ ತೊಳೆಯಬಹುದೆ?

1967ರ ಮಾರ್ಚ್‌ನಲ್ಲಿ ಬ್ರಿಟನ್ ಈ ಪ್ರಯತ್ನ ಮಾಡಿತು. ಸುಮಾರು 1.2 ಲಕ್ಷ ಟನ್ ತೈಲ ಹೊತ್ತಿದ್ದ 'ಟೋರಿ ಕ್ಯಾನ್ಯನ್' ಹಡಗು ಕಾರ್ನ್‌ವಾಲ್ ಬಳಿ ಬಂಡೆಗೆ ಬಡಿದಾಗ, ಸುಮಾರು 10 ಸಾವಿರ ಟನ್ ಮಾರ್ಜಕವನ್ನು ಸುರಿಯಲಾಯಿತು. ಆದರೆ ಬಂಡೆಗಳಿಗೆ ಅಂಟಿ ಬದುಕುವ ಚಿಪ್ಪುಜೀವಿಗಳನ್ನು ಎಣ್ಣೆಗಿಂತ ಹೆಚ್ಚಾಗಿ ಕೊಂದದ್ದು ಮಾರ್ಜಕವೇ ಎಂದು ಪ್ಲಿಮತ್‌ನ ಪ್ರಯೋಗಾಲಯದ ವಿಜ್ಞಾನಿಗಳು ಕಂಡುಕೊಂಡರು.

ಅನಂತರ ವಿಷ ಕಡಿಮೆಯಿರುವ ರಾಸಾಯನಿಕಗಳು ಬಂದವು. ಇವುಗಳ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎರಡರ ನಡುವೆ ನಿಂತು ಎಣ್ಣೆಯ ಬಿಗಿಯನ್ನು ಸಡಿಲಿಸುತ್ತವೆ. ಉಳಿದ ಕೆಲಸ ಅಲೆಗಳದು. ಒಂದು ಮಿಲಿಮೀಟರ್ ಅಗಲದ ಹನಿ ಅದರ ನೂರನೆಯ ಒಂದು ಪಾಲು ಅಗಲದ ಹನಿಗಳಾಗಿ ಒಡೆದರೆ, 10 ಲಕ್ಷ ಹನಿಗಳಾಗುತ್ತವೆ. ಒಟ್ಟು ಮೇಲ್ಮೈ ನೂರು ಪಟ್ಟು ಹಿಗ್ಗುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದೇ ಅನುಕೂಲ. ಇಷ್ಟು ಸಣ್ಣ ಹನಿಗಳು ಬೇಗ ಮೇಲೇಳದೆ ನೀರಿನಲ್ಲೇ ತೇಲಾಡುತ್ತವೆ.

ಕಡಲಿನಲ್ಲಿ ಇದನ್ನು ಹತ್ತಿರದಿಂದ ನೋಡುವುದು ಕಷ್ಟ. ಆದ್ದರಿಂದಲೇ ಕೃತಕ ಅಲೆಗಳ ತೊಟ್ಟಿಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ 'ಓಮ್‌ಸೆಟ್' ತೊಟ್ಟಿಯ ಉದ್ದ 203 ಮೀಟರ್. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೋಸೆಫ್ ಕಾಟ್ಜ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಹನಿಗಳ ಚಿತ್ರ ತೆಗೆದರು. ರಾಸಾಯನಿಕ ಬೆರೆತ ಹನಿಯಿಂದ ಕೂದಲಿನಂಥ ಎಳೆಗಳು ಹೊರಟು, ಅವು ತುಂಡಾಗಿ ಇನ್ನೂ ಸೂಕ್ಷ್ಮ ಹನಿಗಳಾಗುತ್ತವೆ ಎಂದು 2010ರಲ್ಲಿ ಪ್ರಕಟಿಸಿದರು. ಅಲೆ ಮುರಿದಾಗ ಎಣ್ಣೆಯ ಅತಿಸೂಕ್ಷ್ಮ ಕಣಗಳು ಗಾಳಿಗೂ ಏರುತ್ತವೆ, ರಾಸಾಯನಿಕ ಬೆರೆತರೆ ಅವು ಮತ್ತಷ್ಟು ಹೆಚ್ಚುತ್ತವೆ ಎಂಬುದು ಅಲ್ಲಿನ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ತೈಲ ಶುಚಿಮಾಡಲು ಹೋದವರು ಉಸಿರಾಡುವುದು ಅದೇ ಗಾಳಿಯನ್ನು.

2010ರಲ್ಲೇ ಮೆಕ್ಸಿಕೋ ಕೊಲ್ಲಿಯ 'ಡೀಪ್‌ವಾಟರ್ ಹೊರೈಜನ್' ಸ್ಫೋಟ 11 ಕೆಲಸಗಾರರನ್ನು ಬಲಿ ತೆಗೆದುಕೊಂಡಿತು. ತೈಲಬಾವಿ 87 ದಿನ ಉಕ್ಕಿತು. ಅಲ್ಲಿ ಸುಮಾರು 70 ಲಕ್ಷ ಲೀಟರ್ ರಾಸಾಯನಿಕ ಬಳಸಲಾಯಿತು. ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಬಾವಿಯ ಬಾಯಿಗೇ ಬಿಡಲಾಯಿತು.

ಚದುರಿದ ಎಣ್ಣೆ ಇಲ್ಲವಾಗುವುದಿಲ್ಲ. ನೀರಿನ ಮೇಲಿದ್ದದ್ದು ಒಳಗೆ ಹರಡುತ್ತದೆ. ದಡದ ಹಕ್ಕಿಗಳಿಗೂ ಜೌಗುನೆಲಕ್ಕೂ ಅದರಿಂದ ಉಳಿವು. ನೀರಿನಲ್ಲಿ ತೇಲುವ ಮೀನಿನ ಮೊಟ್ಟೆ, ಮರಿಗಳಿಗೆ ಅಪಾಯ. ಹನಿ ಎಷ್ಟು ಸಣ್ಣದಾಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರಯೋಗಾಲಯ ಹೇಳಬಲ್ಲದು. ಯಾರನ್ನು ಉಳಿಸಬೇಕು ಎಂಬ ತೀರ್ಮಾನವನ್ನು ಮಾತ್ರ ಮನುಷ್ಯರೇ ಮಾಡಬೇಕು.